ಲೈನ್‌ಮನೆಯ ಬಾಗಿಲು ತಟ್ಟುವವರನ್ನು ಓದಿಸಿ

ಕೊಡಗಿನ ಅಮ್ಮತ್ತಿಯ ಸುತ್ತಲಿನ ಯಾವುದೋ ಕಾಫಿ ತೋಟದ ಕೂಲಿಕಾರರ ಲೈನ್‌ಮನೆಯಲ್ಲಿ ಹದಿನೈದರ ಹುಡುಗಿಯೊಬ್ಬಳು ಬಸುರಾದರೆ ಮೊದಲು ಗೊತ್ತಾಗುವುದು ಯಾರಿಗೆ? ವಿರಾಜಪೇಟೆಯ ಠಾಣೆಗಲ್ಲ, ಮಡಿಕೇರಿಯ ಕಚೇರಿಗಂತೂ ಅಲ್ಲ. ಅಂಗನವಾಡಿ ಟೀಚರಿಗೆ, ಆಶಾ ಕಾರ್ಯಕರ್ತೆಗೆ, ಇಲ್ಲವೇ ವಾರಕ್ಕೊಮ್ಮೆ ಬಂದು ಹೋಗುವ ಯಾವುದೋ ಸಂಸ್ಥೆಯ ಹುಡುಗನಿಗೆ. ಆ ಹೊತ್ತಿನಲ್ಲಿ ಅವರು ಏನು ಕೇಳುತ್ತಾರೆ, ಏನು ಕೇಳದೆ ಬಿಡುತ್ತಾರೆ, ಯಾರಿಗೆ ಹೇಳುತ್ತಾರೆ ಎನ್ನುವುದರ ಮೇಲೆ ಆ ಮಗುವಿನ ಮುಂದಿನ ಬದುಕೇ ನಿಂತಿರುತ್ತದೆ.

2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ತಿಳಿದವರು ದೂರು ಕೊಡಲೇಬೇಕು. ಮುಚ್ಚಿಟ್ಟರೆ ಅದೂ ಅಪರಾಧ. ಆದರೆ ದೂರು ಕೊಟ್ಟ ರಾತ್ರಿ ಹುಡುಗಿ ಎಲ್ಲಿ ಮಲಗಬೇಕು? ಸಾಲದಲ್ಲಿ ಸಿಕ್ಕಿಕೊಂಡಿರುವ ಅಪ್ಪನನ್ನು ಬೆಳಗಾಗುವುದರೊಳಗೆ ಲೈನ್‌ಮನೆಯಿಂದ ಹೊರಹಾಕಿದರೆ ಏನು ಮಾಡುವುದು? ನಡೆದದ್ದನ್ನು ನಾಲ್ಕು ಕಚೇರಿಯಲ್ಲಿ ನಾಲ್ಕು ಸಲ ಹೇಳಿಸಿ ಅವಳನ್ನು ಮತ್ತೆ ಮತ್ತೆ ನೋಯಿಸದಂತೆ ತಡೆಯುವುದು ಹೇಗೆ? ಇದನ್ನೆಲ್ಲ ಕಲಿಸುವ ವಿದ್ಯೆಯೊಂದಿದೆ, ಸಮಾಜಕಾರ್ಯ ಎಂದು ಅದಕ್ಕೆ ಹೆಸರು. ವಿಶ್ವವಿದ್ಯಾಲಯಗಳಲ್ಲಿ ಅದಕ್ಕೆ ವಿಭಾಗಗಳಿವೆ, ಎಂ.ಎಸ್.ಡಬ್ಲ್ಯು. ಎಂಬ ಸ್ನಾತಕೋತ್ತರ ಪದವಿಯಿದೆ. ಆದರೆ ಆ ಬಾಗಿಲು ತಟ್ಟುವ ಹೆಣ್ಣುಮಗಳಿಗೆ ಆ ವಿದ್ಯೆ ಸಿಗದಂತೆ ನಾವು ಏರ್ಪಾಡು ಮಾಡಿಟ್ಟಿದ್ದೇವೆ. ಈ ಅನ್ಯಾಯ ನಿಲ್ಲಲಿ ಎಂದು ಕೇಳಲು ಈ ಬರಹ.

ಈ ನೆಲದಲ್ಲಿ ಜನರ ಕಷ್ಟದ ಜೊತೆ ನಿಲ್ಲುವ ಕೆಲಸ ಎಂಥದ್ದು ಎಂದು ಮೊದಲು ನೋಡೋಣ. ಕೊಡಗು ಚಿಕ್ಕ ಜಿಲ್ಲೆ. 2011ರ ಜನಗಣತಿಯಲ್ಲಿ ಇಲ್ಲಿದ್ದವರು ಐದೂವರೆ ಲಕ್ಷ ಜನ. ಆದರೆ ಅಮ್ಮತ್ತಿ, ಒಂಟಿಯಂಗಡಿ, ಪಾಲಿಬೆಟ್ಟ, ಸಿದ್ದಾಪುರ, ಮಾಲ್ದಾರೆಯ ತೋಟಗಳಲ್ಲಿ ಹರಡಿರುವ ಸಂಕಟ ಚಿಕ್ಕದಲ್ಲ. ಪಣಿ ಯರವರು, ಪಂಜಿರಿ ಯರವರು, ಜೇನು ಕುರುಬರು, ಬೆಟ್ಟ ಕುರುಬರು ತಲೆಮಾರುಗಳಿಂದ ಲೈನ್‌ಮನೆಗಳಲ್ಲಿ, ಆದಿವಾಸಿ ಹಾಡಿಗಳಲ್ಲಿ, ಪೈಸಾರಿ ಎನ್ನುವ ಸರ್ಕಾರಿ ಜಾಗದ ಗುಡಿಸಲುಗಳಲ್ಲಿ ಬದುಕಿದ್ದಾರೆ. ಈಚಿನ ವರ್ಷಗಳಲ್ಲಿ ಅಸ್ಸಾಮಿನಿಂದ ಬಂದ ಕುಟುಂಬಗಳು ಅವರ ಪಕ್ಕದ ಕೋಣೆಗಳಲ್ಲಿ ಒಲೆ ಹೂಡಿವೆ. ಮುಂಜಾನೆ ತೋಟಕ್ಕೆ ನಡೆದು ಹೋಗುತ್ತಿದ್ದವನನ್ನು ಕಾಡಾನೆ ತುಳಿದರೆ ಹೆಂಡತಿಗೆ ಪರಿಹಾರ ಬರಬೇಕು. ಅವಳ ಬಳಿ ಮದುವೆಯ ದಾಖಲೆ ಇರುವುದಿಲ್ಲ, ಆಧಾರ್‌ನಲ್ಲಿ ಹೆಸರು ಬೇರೆಯಾಗಿರುತ್ತದೆ, ಬ್ಯಾಂಕ್ ಖಾತೆ ಸತ್ತವನದಾಗಿರುತ್ತದೆ. ಮುಂಗಡ ಪಡೆದ ಸಾಲ ಮಗನ ತಲೆಗೆ ಬಂದರೆ ಅದು ಜೀತ. 1976ರಲ್ಲೇ ಕಾಯ್ದೆ ಅದನ್ನು ರದ್ದು ಮಾಡಿದೆ. ಆದರೆ ಅದು ಜೀತ ಎಂದು ಗುರುತಿಸಿ, ಅರ್ಜಿ ಬರೆದು, ಉಪವಿಭಾಗಾಧಿಕಾರಿಯ ಮುಂದೆ ನಿಲ್ಲುವವರು ಬೇಕಲ್ಲ!

2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ 577 ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕೆಡವಿದ್ದನ್ನು ಈ ಸೀಮೆ ಮರೆತಿಲ್ಲ. ಲೈನ್‌ಮನೆಯ ಬದುಕು ಸಾಕೆಂದು ಹೊರಬಂದವರೂ ಅವರಲ್ಲಿದ್ದರು. ಮುಂದೆ ಹಲವರಿಗೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಮನೆ ಸಿಕ್ಕಿತು. ಮನೆ ಸಿಕ್ಕ ಮೇಲೆ ಕೂಲಿ ಎಲ್ಲಿ, ಶಾಲೆ ಎಷ್ಟು ದೂರ, ಕಾಡಿನ ಅಂಚಿನ ದೇವರು ದಿಂಡರನ್ನು ಬಿಟ್ಟು ಬಂದ ಮುದುಕರ ಮೌನಕ್ಕೆ ಏನು ಮದ್ದು? 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಕುಸಿದವು. ಮರುವರ್ಷ ಕಾವೇರಿ ಉಕ್ಕಿ ಕರಡಿಗೋಡು, ಗುಹ್ಯದ ಹೊಳೆದಂಡೆಯ ಮನೆಗಳು ಮುಳುಗಿದವು. ಪರಿಹಾರ ಕೇಂದ್ರಗಳಿಗೆ ಅಕ್ಕಿ, ಕಂಬಳಿ ಲಾರಿಗಟ್ಟಲೆ ಬಂದವು. ಅಲ್ಲಿ ಮಳೆಯ ಸದ್ದು ಕೇಳಿದರೆ ಬೆಚ್ಚುವ ಮಗುವಿನ ಪಕ್ಕ ಕೂರಲು, ಗಂಡನನ್ನು ಕಳೆದುಕೊಂಡವಳ ಮಾತಿಗೆ ಕಿವಿಯಾಗಲು ಕಲಿತ ಮನಸ್ಸು ಬೇಕಿತ್ತು. ಒಳ್ಳೆಯ ಮನಸ್ಸು ನಮ್ಮಲ್ಲಿ ಬೇಕಾದಷ್ಟಿತ್ತು. ತರಬೇತಾದ ಮನಸ್ಸು ಎಷ್ಟಿತ್ತು ಎಂದು ನಮ್ಮ ನಮ್ಮ ಎದೆ ಮುಟ್ಟಿ ಕೇಳಿಕೊಳ್ಳೋಣ.

ಈ ಕೆಲಸಕ್ಕೆ ಓದು ಬೇಕೆಂದು ಸರ್ಕಾರಕ್ಕೂ ಗೊತ್ತು. ಮಕ್ಕಳ ರಕ್ಷಣೆ, ಆಪ್ತಸಮಾಲೋಚನೆ, ಆಸ್ಪತ್ರೆಯ ಸಮಾಜಕಾರ್ಯದ ಹುದ್ದೆಗಳಿಗೆ ಅರ್ಜಿ ಕರೆಯುವಾಗ ಎಂ.ಎಸ್.ಡಬ್ಲ್ಯು. ಕೇಳುವುದು ರೂಢಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಇನ್ನೂ ಮುಂದೆ ಹೋಗಿ, ಮನೋವೈದ್ಯಕೀಯ ಸಮಾಜ ಕಾರ್ಯಕರ್ತ ಎನಿಸಿಕೊಳ್ಳಲು ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಬೇಕೆನ್ನುತ್ತದೆ. ಸರಿಯೇ, ಜನರ ಮನಸ್ಸಿನ ಜೊತೆ ಕೆಲಸ ಮಾಡುವವರು ಚೆನ್ನಾಗಿ ಕಲಿತಿರಲಿ. ಆದರೆ ಎಂ.ಎಸ್.ಡಬ್ಲ್ಯು. ಸಾಮಾನ್ಯವಾಗಿ ಎರಡು ವರ್ಷದ ಹಗಲಿನ ತರಗತಿ, ನಾಲ್ಕು ಸೆಮಿಸ್ಟರು, ಕಡ್ಡಾಯ ಹಾಜರಿ. ಅಮ್ಮತ್ತಿಯ ಹೆಣ್ಣುಮಗಳು ಅದಕ್ಕಾಗಿ ಕೆಲಸ ಬಿಟ್ಟು ಹೋಗಬೇಕು. ಹೋದ ದಿನ ಅವಳ ಗೌರವಧನ ನಿಲ್ಲುತ್ತದೆ. ಆ ಗೌರವಧನವಾದರೂ ಎಷ್ಟು? 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಹಗಲೂ ರಾತ್ರಿಯೂ ಕೂತು ಕೇಳಿದ್ದು ತಿಂಗಳಿಗೆ 15 ಸಾವಿರ ರೂಪಾಯಿ. ಸಿಕ್ಕ ಭರವಸೆ 10 ಸಾವಿರ. ಅಷ್ಟರಲ್ಲಿ ಮನೆ ನಡೆಸುವವಳಿಗೆ 'ಕೆಲಸ ಬಿಟ್ಟು ಬಂದು ಓದು' ಎನ್ನುವುದು 'ಓದಬೇಡ' ಎಂದಷ್ಟೇ ಖಚಿತ.

ಇದರ ಫಲ ಕಣ್ಣೆದುರಿಗಿದೆ. ಹಾಡಿಯನ್ನು ಬಲ್ಲವರ ಕೈಯಲ್ಲಿ ಪದವಿಯಿಲ್ಲ. ಪದವಿ ಹಿಡಿದು ಗುತ್ತಿಗೆಯ ಮೇಲೆ ಬರುವವರಿಗೆ ಹಾಡಿ ಗೊತ್ತಿಲ್ಲ, ಯರವರ ಮಾತು ಗೊತ್ತಿಲ್ಲ. ಗೊತ್ತಾಗುವ ಹೊತ್ತಿಗೆ ಗುತ್ತಿಗೆ ಮುಗಿದಿರುತ್ತದೆ. ಹತ್ತು ವರ್ಷ ದುಡಿದ ಕಾರ್ಯಕರ್ತೆ ನಿನ್ನೆ ಬಂದವರಿಗೆ ದಾರಿ ತೋರಿಸುತ್ತಾ, ಮನೆ ಮನೆಯ ಕಥೆ ಹೇಳುತ್ತಾ, ಅವರ ಕೈಕೆಳಗೆ ಉಳಿಯುತ್ತಾಳೆ. ಬಡವರಿಗೆ ಅರೆಬರೆ ಕಲಿತವರ ನೆರವು ಸಾಕು ಎಂದು ನಾವು ಒಳಗೊಳಗೇ ಒಪ್ಪಿಕೊಂಡಿದ್ದೇವೆ. ನಮ್ಮ ಮಗುವಿಗೆ ಜ್ವರ ಬಂದರೆ ಓದು ಮುಗಿಸದ ವೈದ್ಯರ ಬಳಿ ಹೋಗುತ್ತೇವೆಯೇ? ಹಾಗಾದರೆ ಲೈನ್‌ಮನೆಯ ಮಗುವಿನ ಪಾಲಿಗೆ ಬೇರೆ ನ್ಯಾಯ ಏಕೆ?

ದಾರಿ ಇಲ್ಲವೆಂದಲ್ಲ. ಈ ವಿದ್ಯೆ ಹುಟ್ಟಿದ್ದೇ ಕೆಲಸದಲ್ಲಿದ್ದವರಿಗಾಗಿ. 1897ರಲ್ಲಿ ಅಮೆರಿಕದ ಮೇರಿ ರಿಚ್ಮಂಡ್, ಬಡವರ ನಡುವೆ ದುಡಿಯುವವರಿಗೆ ಒಂದು ತರಬೇತಿ ಶಾಲೆ ಬೇಕೆಂದು ಕೇಳಿದರು. ಮರುವರ್ಷ ನ್ಯೂಯಾರ್ಕಿನಲ್ಲಿ ಆರು ವಾರಗಳ ಬೇಸಗೆ ತರಗತಿ ನಡೆಯಿತು. ದಾನಧರ್ಮದ ಸಂಸ್ಥೆಗಳಲ್ಲಿ ಆಗಲೇ ಕೆಲಸದಲ್ಲಿದ್ದವರು ಅಲ್ಲಿಗೆ ಬಂದು ಕಲಿತರು, ಕಲಿತು ಮತ್ತೆ ತಮ್ಮ ಬೀದಿಗಳಿಗೆ ಹೋದರು. ನಮ್ಮ ದೇಶದಲ್ಲೂ ಮೊದಲು ಬಂದದ್ದು ಕೆಲಸವೇ. ಮುಂಬಯಿಯ ನಾಗಪಾಡಾದ ಬಡ ಕೇರಿಯಲ್ಲಿ ನೆರೆಹೊರೆ ಕೇಂದ್ರ ನಡೆಸುತ್ತಿದ್ದ ಕ್ಲಿಫರ್ಡ್ ಮ್ಯಾನ್ಷರ್ಟ್ ಅವರೇ 1936ರಲ್ಲಿ ಸರ್ ದೊರಾಬ್ಜಿ ಟಾಟಾ ಸ್ಕೂಲನ್ನು ಕಟ್ಟಿದರು. ಅದೇ ಮುಂದೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಾಯಿತು. 1960ರಲ್ಲಿ ಮಂಗಳೂರಿನ ರೋಶನಿ ನಿಲಯ ಕರಾವಳಿಗೆ ಈ ಓದನ್ನು ತಂದಿತು. ಇಂದು ಬ್ರಿಟನ್ನಿನಲ್ಲಿ ಕೆಲಸದಲ್ಲಿದ್ದುಕೊಂಡೇ ಅರೆಕಾಲಿಕವಾಗಿ ಸ್ನಾತಕೋತ್ತರ ಓದುವುದು ಮಾಮೂಲು ಸಂಗತಿ. ಇಂಗ್ಲೆಂಡಿನಲ್ಲಿ ಸಮಾಜ ಕಾರ್ಯಕರ್ತರು ನೋಂದಣಿ ನವೀಕರಿಸುವಾಗ ಆ ವರ್ಷ ಹೊಸದಾಗಿ ಕಲಿತದ್ದನ್ನು ದಾಖಲಿಸಲೇಬೇಕು.

ಕನ್ನಡ ನಾಡಿಗೂ ಇದು ಹೊಸತಲ್ಲ. ನಮ್ಮ ಸಂಜೆ ಕಾಲೇಜುಗಳು ಎಷ್ಟೋ ಗುಮಾಸ್ತರನ್ನು ಪದವೀಧರರನ್ನಾಗಿ ಮಾಡಿವೆ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತು. 1996ರಲ್ಲಿ ಆ ವಿಭಾಗವೇ ಮುಕ್ತ ವಿಶ್ವವಿದ್ಯಾಲಯವಾಯಿತು. ಪಾಠ ಮಾಡುತ್ತಲೇ ಎಂ.ಎ. ಮುಗಿಸಿದ ಮೇಷ್ಟ್ರು ಯಾವ ಊರಲ್ಲಿಲ್ಲ? ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾಲಯದ ಎಂ.ಎಸ್.ಡಬ್ಲ್ಯು. ಅನ್ನು ಎರಡರಿಂದ ನಾಲ್ಕು ವರ್ಷಗಳಲ್ಲಿ ಮುಗಿಸಬಹುದು, ಆದರೆ ಪಾಠಗಳು ಇಂಗ್ಲಿಷ್, ಹಿಂದಿಯಲ್ಲಿವೆ. ಕನ್ನಡದಲ್ಲಿ ಓದಿ, ಕನ್ನಡದಲ್ಲೇ ಜನರ ಕಣ್ಣೀರು ಒರೆಸುವವಳಿಗೆ ಅದು ಇನ್ನೊಂದು ಗೋಡೆ.

ಅರೆಕಾಲಿಕ ಓದು ಎಂದೊಡನೆ ಗುಣಮಟ್ಟ ಕುಸಿಯುತ್ತದೆ ಎನ್ನುವವರಿದ್ದಾರೆ. ಅವರ ಆತಂಕವನ್ನು ನಾನು ಹಗುರಾಗಿ ಕಾಣುವುದಿಲ್ಲ. ಹಣ ಕಟ್ಟಿ ಕಾಗದ ಪಡೆಯುವ ಕೋರ್ಸು ನಮಗೂ ಬೇಡ. ಆದರೆ ಸಮಾಜಕಾರ್ಯದ ಓದಿನ ಜೀವ ಇರುವುದು ಕ್ಷೇತ್ರಕಾರ್ಯದಲ್ಲಿ. ಅನುಭವಸ್ಥ ಅಧ್ಯಾಪಕರು ಪಕ್ಕದಲ್ಲಿ ಕೂತು 'ಆ ಮನೆಯಲ್ಲಿ ನೀವು ಹಾಗೇಕೆ ಮಾತಾಡಿದಿರಿ' ಎಂದು ಕೇಳುವಲ್ಲಿ ಅದು ಹದವಾಗುತ್ತದೆ. ಪೂರ್ಣಾವಧಿ ವಿದ್ಯಾರ್ಥಿಯನ್ನು ಕ್ಷೇತ್ರಕ್ಕೆ ಕಳಿಸಬೇಕು. ಈ ಕಾರ್ಯಕರ್ತೆ ಕ್ಷೇತ್ರದಲ್ಲೇ ಇದ್ದಾಳೆ. ಆಗಬೇಕಾದದ್ದು ಅಧ್ಯಾಪಕರ ಪಯಣ. ತಿಂಗಳಿಗೆರಡು ಬಾರಿ ಅವರು ಅಮ್ಮತ್ತಿಗೆ ಬರಲಿ, ಹಾಡಿಗೆ ಬರಲಿ, ಅವಳ ದಿನಚರಿ ಓದಲಿ, ತಿದ್ದಲಿ, ಅವಳಿಂದ ತಾವೂ ಕಲಿಯಲಿ.

ಈಗ ಒಬ್ಬೊಬ್ಬರ ಹೆಸರು ಹಿಡಿದೇ ಕೇಳುತ್ತೇನೆ.

ಕೊಡಗು ವಿಶ್ವವಿದ್ಯಾಲಯವೇ, 2023ರಲ್ಲಿ ಚಿಕ್ಕ ಅಳುವಾರದಲ್ಲಿ ನೀನು ಆರಂಭವಾದೆ. ಎರಡು ವರ್ಷ ತುಂಬುವ ಮೊದಲೇ ಹೊಸ ವಿಶ್ವವಿದ್ಯಾಲಯಗಳನ್ನು ವಿಲೀನಗೊಳಿಸುವ ಮಾತು ಬಂತು. ಜಿಲ್ಲೆ ನಿನಗಾಗಿ ದನಿ ಎತ್ತಿತು. ಆ ಜಿಲ್ಲೆಗೆ ನೀನು ಬೇಕು ಎನ್ನುವುದನ್ನು ಕೆಲಸದಿಂದ ತೋರಿಸು. ಕನ್ನಡದಲ್ಲಿ ಅರೆಕಾಲಿಕ ಎಂ.ಎಸ್.ಡಬ್ಲ್ಯು. ತೆರೆ. ಮೂರು ನಾಲ್ಕು ವರ್ಷ ತೆಗೆದುಕೊಳ್ಳಲಿ, ಚಿಂತೆಯಿಲ್ಲ. ತರಗತಿಗಳು ಶನಿವಾರ, ಭಾನುವಾರ ನಡೆಯಲಿ, ನಮ್ಮ ಮಳೆ ನೋಡಿ, ಕಾಫಿ ಕುಯ್ಲು ನೋಡಿ ವೇಳಾಪಟ್ಟಿ ಮಾಡು. ಸಿದ್ದಾಪುರ, ಕುಶಾಲನಗರ ದಾಟಿ ನಿನ್ನ ಬಳಿ ಬರುವ ಬದಲು ವಿರಾಜಪೇಟೆಯಲ್ಲೋ ಅಮ್ಮತ್ತಿಯಲ್ಲೋ ಒಂದು ಕಲಿಕಾ ಕೇಂದ್ರ ಕೊಡು. ಅಮ್ಮತ್ತಿಯ ಆರ್.ಐ.ಎಚ್.ಪಿ. ಆಸ್ಪತ್ರೆ, ಪಾಲಿಬೆಟ್ಟದ ಚೆಶೈರ್ ಹೋಂ, ಸುಂಟಿಕೊಪ್ಪದ ಸ್ವಸ್ಥ ಶಾಲೆಯಂಥ ಕಡೆಗಳಲ್ಲಿ ಕ್ಷೇತ್ರಕಾರ್ಯಕ್ಕೆ ಜಾಗ ಕೇಳು.

ಸರ್ಕಾರವೇ, ಓದುವ ಕಾರ್ಯಕರ್ತೆಗೆ ತರಗತಿಯ ದಿನಗಳಂದು ಗೌರವಧನ ಕಡಿಯದ ರಜೆ ಕೊಡು. ಆಶ್ರಮಶಾಲೆಯ ಶಿಕ್ಷಕಿ, ಹಾಸ್ಟೆಲ್ ವಾರ್ಡನ್, ಅಂಗನವಾಡಿ ಮೇಲ್ವಿಚಾರಕಿ, 1098ಕ್ಕೆ ಬರುವ ಕರೆ ಎತ್ತಿಕೊಳ್ಳುವವರು, ಎಲ್ಲರಿಗೂ ಈ ಹಕ್ಕು ಸಿಗಲಿ. ಪದವಿ ಇಲ್ಲದವರಿಗೆ ಮೊದಲು ಪದವಿ ಮುಗಿಸುವ ಮೆಟ್ಟಿಲು ಹಾಕಿಕೊಡು. ಯರವ, ಕುರುಬ ಸಮುದಾಯದ ಮಕ್ಕಳಿಗೆ ಮೊದಲ ಸಾಲಿನ ಸೀಟು ಇರಲಿ. ತಮ್ಮ ಜನರ ಅಳಲನ್ನು ತಮ್ಮದೇ ಮಾತಿನಲ್ಲಿ ಕೇಳಬಲ್ಲ ಅಧಿಕಾರಿ ಈ ಜಿಲ್ಲೆಗೆ ಬರಬೇಕಾದರೆ ಅದಕ್ಕೆ ಬೇರೆ ದಾರಿಯಿಲ್ಲ. ಕೋರ್ಸು ಮುಗಿಸಿದವರ ಸೇವಾವರ್ಷಗಳಿಗೆ ನೇಮಕಾತಿಯಲ್ಲಿ ಬೆಲೆ ಕೊಡು.

ತೋಟದ ಯಜಮಾನರೇ, 1951ರ ತೋಟ ಕಾರ್ಮಿಕರ ಕಾಯ್ದೆ ಮುನ್ನೂರು ಕೆಲಸಗಾರರಿರುವ ತೋಟದಲ್ಲಿ ಕಲ್ಯಾಣಾಧಿಕಾರಿ ಇರಬೇಕೆಂದಿತ್ತು. ನಮ್ಮ ಕಡೆಯ ಬಹುಪಾಲು ತೋಟಗಳಲ್ಲಿ ಅಷ್ಟು ಜನರಿಲ್ಲ. ಆದ್ದರಿಂದ ಚಿಕ್ಕ ತೋಟದ ಕೆಲಸಗಾರನ ಪಾಲಿಗೆ ಯಾವ ಅಧಿಕಾರಿಯೂ ಬರಲಿಲ್ಲ. ನಾಲ್ಕಾರು ತೋಟಗಳು ಕೂಡಿ ಒಬ್ಬಳ ಓದಿನ ಖರ್ಚು ಹೊತ್ತುಕೊಳ್ಳಿ. ಅವಳು ನಿಮ್ಮ ರೈಟರ್, ಮೇಸ್ತ್ರಿಗಳ ಕೈಕೆಳಗಿನವಳಾಗದೆ, ಕೆಲಸಗಾರರ ಪರವಾಗಿ ನಿಮ್ಮೆದುರೇ ಕೂತು ಮಾತಾಡುವ ಸ್ವಾತಂತ್ರ್ಯ ಉಳ್ಳವಳಾಗಿರಲಿ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಕಾಫಿ ತೋಟದ ಮನೆಯ ಗೌರಮ್ಮ, ನಾವು ಕೊಡಗಿನ ಗೌರಮ್ಮ ಎಂದು ಕರೆಯುವ ಕಥೆಗಾರ್ತಿ, ಉಪವಾಸ ಕೂತು ಅವರನ್ನು ಮನೆಗೆ ಕರೆಸಿಕೊಂಡು ಹರಿಜನ ನಿಧಿಗೆ ತಮ್ಮ ಒಡವೆ ಕೊಟ್ಟರು. ಆಗ ಅವರಿಗೆ ಇನ್ನೂ ಇಪ್ಪತ್ತೆರಡರ ಆಸುಪಾಸಿನ ವಯಸ್ಸು. ತೋಟದ ಮನೆಯೊಳಗಿಂದಲೇ ಅಂಥ ಕೈ ಎದ್ದದ್ದುಂಟು. ಇಂದು ಒಡವೆ ಯಾರೂ ಕೇಳುತ್ತಿಲ್ಲ. ಒಬ್ಬ ಹೆಣ್ಣುಮಗಳ ಶುಲ್ಕ, ಪುಸ್ತಕ, ಬಸ್ಸಿನ ಖರ್ಚು ಕೇಳುತ್ತಿದ್ದೇವೆ.

ಸಂಘ ಸಂಸ್ಥೆಗಳ ಹಿರಿಯರೇ, ನಿಮ್ಮ ಕಾರ್ಯಕರ್ತರು ಓದಿದರೆ ಬಿಟ್ಟು ಹೋಗುತ್ತಾರೆಂದು ಹೆದರಬೇಡಿ. ಕಲಿಯಲು ಬಿಡದ ಕಡೆಯಿಂದಲೇ ಜನ ಬೇಗ ಹೋಗುವುದು. ಮನೆಯ ಗಂಡಸರೇ, ತರಗತಿಯ ಭಾನುವಾರ ಅಡುಗೆ ನಿಮ್ಮದಾಗಲಿ, ಮಕ್ಕಳು ನಿಮ್ಮ ಜೊತೆಯಿರಲಿ.

ಕೊನೆಗೆ ನಿಮಗೆ, ಅಕ್ಕಂದಿರೇ, ತಮ್ಮಂದಿರೇ. 'ಈ ವಯಸ್ಸಿಗೆ ನನಗ್ಯಾಕೆ ಓದು' ಎನ್ನಬೇಡಿ. ನಿಮಗೆ ಗೊತ್ತಿರುವುದು ಬಹಳ. ಆದರೆ ನಿಮ್ಮ ಅನುಭವವನ್ನು ಕಚೇರಿಯ ಮೇಜಿನ ಮುಂದೆ ಯಾರೂ ತಳ್ಳಿಹಾಕದಂತೆ ಮಾತಾಡಿಸುವ ಬಲ ಓದಿನಿಂದ ಬರುತ್ತದೆ. ಒಬ್ಬೊಬ್ಬರೇ ಕೇಳಿದರೆ 'ನೋಡೋಣ' ಎಂಬ ಉತ್ತರ ಬರುತ್ತದೆ. ಹತ್ತು ಜನ ಸೇರಿ ಒಂದೇ ಅರ್ಜಿಗೆ ಸಹಿ ಹಾಕಿ. ಅರ್ಜಿಯ ಒಂದು ಪ್ರತಿ ಕುಲಪತಿಗಳಿಗೆ, ಒಂದು ಜಿಲ್ಲಾಧಿಕಾರಿಗೆ, ಒಂದು ನಿಮ್ಮ ಶಾಸಕರಿಗೆ ಹೋಗಲಿ. ಈ ಬರಹ ಓದಿದ ಉಳಿದವರು ಆ ಹತ್ತರ ಕೆಳಗೆ ತಮ್ಮ ಸಹಿಯನ್ನೂ ಹಾಕಿ. ಮುಂದಿನ ವರ್ಷದ ಪ್ರವೇಶ ಪ್ರಕಟಣೆಯಲ್ಲಿ 'ಅರೆಕಾಲಿಕ' ಎಂಬ ಸಾಲು ಅಚ್ಚಾಗುವವರೆಗೆ ಕೇಳುವುದನ್ನು ನಿಲ್ಲಿಸಬೇಡಿ.