ಒಣ ನೆಲವೇ ಮೊದಲ ಮದ್ದು

ಮಕ್ಕಳೇ, ನಿಮ್ಮ ಮನೆಯ ಹಿತ್ತಲಲ್ಲಿ ಕೋಳಿಗಳಿವೆಯೇ? ಇದ್ದರೆ ಮಳೆಗಾಲದಲ್ಲಿ ಈ ಮಾತು ನಿಮ್ಮ ಕಿವಿಗೆ ಬಿದ್ದಿರುತ್ತದೆ: "ನಿನ್ನೆ ಚೆನ್ನಾಗಿಯೇ ಇದ್ದವು, ಬೆಳಗ್ಗೆ ನೋಡಿದರೆ ನಾಲ್ಕು ಮರಿ ಸತ್ತಿವೆ." ಯಾರದೋ ದೃಷ್ಟಿ ತಾಗಿತು ಎನ್ನುತ್ತಾರೆ ಒಬ್ಬರು. ಗಾಳಿ ಸೋಕಿತು ಎನ್ನುತ್ತಾರೆ ಇನ್ನೊಬ್ಬರು. ಮತ್ತೊಬ್ಬರು ಮನೆಯಲ್ಲಿ ಉಳಿದಿದ್ದ ಜ್ವರದ ಮಾತ್ರೆ ಪುಡಿಮಾಡಿ ನೀರಿಗೆ ಬೆರೆಸುತ್ತಾರೆ. ಮರಿಗಳು ಸಾಯುವುದು ಮಾತ್ರ ನಿಲ್ಲುವುದಿಲ್ಲ.

ಇಂಥ ಸಾವುಗಳಲ್ಲಿ ಬಹಳಷ್ಟನ್ನು ನಾವು ತಡೆಯಬಹುದು. ಅದಕ್ಕೆ ಮೊದಲು ಬೇಕಾದದ್ದು ಔಷಧದ ಬಾಟಲಿಯಲ್ಲ, ಒಣಗಿದ ನೆಲ. ಇದು ನನ್ನ ಖಚಿತ ಅಭಿಪ್ರಾಯ. ಯಾಕೆ ಎಂದು ಹೇಳುತ್ತೇನೆ, ನೀವೇ ಯೋಚಿಸಿ.

ಮೂರರಿಂದ ಆರು ವಾರದ ಮರಿಗಳು ರೆಕ್ಕೆ ಇಳಿಬಿಟ್ಟು, ಪುಕ್ಕ ಉಬ್ಬಿಸಿಕೊಂಡು ಮೂಲೆಯಲ್ಲಿ ತೂಕಡಿಸುತ್ತಿವೆಯೇ? ಮೇವು ಮುಟ್ಟುತ್ತಿಲ್ಲವೇ? ಹಿಕ್ಕೆ ತೆಳ್ಳಗಾಗಿ ಅದರಲ್ಲಿ ರಕ್ತ ಕಾಣುತ್ತಿದೆಯೇ? ಹಾಗಿದ್ದರೆ ಅದು ರಕ್ತಭೇದಿ ಆಗಿರಬಹುದು. ವಿಜ್ಞಾನದಲ್ಲಿ ಇದರ ಹೆಸರು ಕಾಕ್ಸಿಡಿಯೋಸಿಸ್. ಇದಕ್ಕೆ ಕಾರಣ ಐಮೀರಿಯ ಎಂಬ ಏಕಕೋಶ ಪರಾವಲಂಬಿ ಜೀವಿ. ಜರ್ಮನಿಯ ಪ್ರಾಣಿವಿಜ್ಞಾನಿ ಥಿಯೋಡೋರ್ ಐಮರ್ ಅವರ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. ಮೊಲದ ಪಿತ್ತರಸದಲ್ಲಿರುವ ಇದರ ಸಂಬಂಧಿಯೊಂದನ್ನು ಲೇವನ್‌ಹುಕ್ 1674ರಲ್ಲೇ ತಮ್ಮ ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರು.

ಐಮೀರಿಯ ಬ್ಯಾಕ್ಟೀರಿಯವಲ್ಲ, ವೈರಸ್ ಅಲ್ಲ, ಹುಳುವೂ ಅಲ್ಲ. ಆದ್ದರಿಂದ ಕೊಕ್ಕರೆ ರೋಗಕ್ಕೆ ಹಾಕಿಸಿದ ಲಸಿಕೆ ಇದನ್ನು ತಡೆಯುವುದಿಲ್ಲ. ಜಂತುಹುಳುವಿನ ಔಷಧಿಗೂ ಇದು ಸಾಯುವುದಿಲ್ಲ.

ಇದು ಹರಡುವ ರೀತಿಯನ್ನು ಗಮನಿಸಿ. ರೋಗ ತಗುಲಿದ ಕೋಳಿಯ ಹಿಕ್ಕೆಯಲ್ಲಿ ಊಸಿಸ್ಟ್ ಎಂಬ ಗಟ್ಟಿ ಕವಚದ ಕೋಶಗಳು ಹೊರಬೀಳುತ್ತವೆ. ಸುಮಾರು 50 ಊಸಿಸ್ಟ್‌ಗಳನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ಆಗುತ್ತದೆ, ಅಷ್ಟು ಚಿಕ್ಕವು! ಆದರೆ ಹೊರಬಿದ್ದ ಕೂಡಲೇ ಇವು ರೋಗ ತರಲಾರವು. ಬೆಚ್ಚಗಿನ ಹವೆ, ತೇವ ಮತ್ತು ಆಮ್ಲಜನಕ ಸಿಕ್ಕರೆ ಒಂದೆರಡು ದಿನಗಳಲ್ಲಿ ಬಲಿಯುತ್ತವೆ. ಆಗ ಪ್ರತಿಯೊಂದು ಕವಚದೊಳಗೂ ದಾಳಿಗೆ ಸಿದ್ಧವಾದ 8 ಜೀವಿಗಳಿರುತ್ತವೆ. ನೆಲ ಕೆದಕುವ ಮರಿ ಇವನ್ನು ಮೇವಿನ ಜೊತೆ ನುಂಗುತ್ತದೆ. ಕರುಳಿನ ಗೋಡೆಯ ಕೋಶಗಳನ್ನು ಹೊಕ್ಕು, ಅವನ್ನು ಒಡೆಯುತ್ತಾ ಇವು ಸಾವಿರ ಸಾವಿರವಾಗಿ ಹೆಚ್ಚುತ್ತವೆ. ಸುಮಾರು ಒಂದು ವಾರದಲ್ಲಿ ಹೊಸ ಊಸಿಸ್ಟ್‌ಗಳು ಮತ್ತೆ ನೆಲಕ್ಕೆ ಬೀಳುತ್ತವೆ.

ಈ ಚಕ್ರದಲ್ಲಿ ದುರ್ಬಲವಾದ ಕೊಂಡಿ ಯಾವುದು? ತೇವ! ಹಾಸು ಒಣಗಿದ್ದರೆ ಊಸಿಸ್ಟ್ ಬಲಿಯುವುದು ಕಷ್ಟ. ಫಿನೈಲ್ ಸುರಿದರೆ ಸಾಕು ಎಂದುಕೊಳ್ಳಬೇಡಿ. ಅದರ ಗಟ್ಟಿ ಕವಚ ಅದಕ್ಕೆಲ್ಲ ಜಗ್ಗುವುದಿಲ್ಲ. ಬಿಸಿಲು ಮತ್ತು ಒಣಗಾಳಿಯೇ ನಮಗೆ ದೊಡ್ಡ ಸಹಾಯಕರು.

"ನಾಟಿ ಕೋಳಿಗೆ ರೋಗ ಬರುವುದಿಲ್ಲ, ನಮ್ಮ ಅಜ್ಜಿ ಇದನ್ನೆಲ್ಲ ಮಾಡಿದ್ದರೇ?" ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಅಜ್ಜಿಯ ಕಾಲದಲ್ಲಿ ಒಂದು ತಾಯಿಕೋಳಿಯ ಹಿಂದೆ ಏಳೆಂಟು ಮರಿಗಳು ಇಡೀ ಹಿತ್ತಲು ಸುತ್ತುತ್ತಿದ್ದವು. ಹಿಕ್ಕೆ ಅಲ್ಲಲ್ಲಿ ಬಿದ್ದು ಬಿಸಿಲಿಗೆ ಒಣಗುತ್ತಿತ್ತು. ಮರಿಗಳು ನುಂಗುತ್ತಿದ್ದ ಊಸಿಸ್ಟ್‌ಗಳು ಕೆಲವೇ. ಹಾಗೆ ಸ್ವಲ್ಪ ಸ್ವಲ್ಪವೇ ಸೋಂಕು ತಗುಲಿದರೆ ಮರಿಯ ದೇಹದಲ್ಲಿ ರೋಗನಿರೋಧಕ ಶಕ್ತಿ ಬೆಳೆಯುತ್ತದೆ. ಈಗ ಹಲವು ಮನೆಗಳಲ್ಲಿ 30-40 ಮರಿಗಳನ್ನು ಒಟ್ಟಿಗೆ ಕೊಂಡು ತಂದು ಒಂದೇ ಮೂಲೆಯಲ್ಲಿ ಕೂಡುತ್ತಾರೆ. ಕೋಳಿಯೂ ಬೇರೆಯಲ್ಲ, ಐಮೀರಿಯವೂ ಬೇರೆಯಲ್ಲ. ಬದಲಾದದ್ದು ಜಾಗ ಮತ್ತು ತೇವ.

ಹಾಗಾದರೆ ಔಷಧವೇ ಬೇಡವೇ? ಖಂಡಿತ ಬೇಕು. ರಕ್ತ ಕಂಡ ಮೇಲೆ ನೆಲ ಒಣಗಲಿ ಎಂದು ಕಾಯುತ್ತಾ ಕೂರುವುದು ತಪ್ಪು. ಅದೇ ದಿನ ಹೊಸ ಹಿಕ್ಕೆಯನ್ನು ಒಂದು ಎಲೆಯಲ್ಲಿ ಸುತ್ತಿ, ದೊಡ್ಡವರ ಜೊತೆ ಪಶು ಆಸ್ಪತ್ರೆಗೆ ಕೊಂಡೊಯ್ಯಿರಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಊಸಿಸ್ಟ್ ಕಾಣುತ್ತದೆ. ಸತ್ತ ಮರಿಯಿದ್ದರೆ ಅದನ್ನೂ ತೋರಿಸಬಹುದು. ಕೋಳಿಗೆ ಎರಡು ಕುರುಡು ಕರುಳುಗಳಿರುತ್ತವೆ. ಐಮೀರಿಯ ಟೆನೆಲ್ಲ ಎಂಬ ಬಗೆ ತಗುಲಿದ್ದರೆ ಅವು ರಕ್ತದಿಂದ ತುಂಬಿರುತ್ತವೆ.

ಸಾಮಾನ್ಯವಾಗಿ ವೈದ್ಯರು ಕೊಡುವ ಔಷಧಗಳಲ್ಲಿ ಒಂದು ಆಂಪ್ರೋಲಿಯಂ. ಇದು ಕೆಲಸ ಮಾಡುವ ರೀತಿ ಸ್ವಾರಸ್ಯಕರವಾಗಿದೆ. ಇದರ ರಚನೆ ಬಿ1 ವಿಟಮಿನ್ನನ್ನು ಹೋಲುತ್ತದೆ. ಮೋಸಹೋದ ಐಮೀರಿಯ ವಿಟಮಿನ್ ಬದಲು ಇದನ್ನು ಹೀರಿ, ಪೋಷಣೆಯಿಲ್ಲದೆ ಸೊರಗುತ್ತದೆ. ಆದ್ದರಿಂದ ಈ ಔಷಧ ಕೊಡುವಾಗ "ಮರಿಗೆ ಶಕ್ತಿ ಬರಲಿ" ಎಂದು ಬಿ ವಿಟಮಿನ್ ಟಾನಿಕ್ ಹಾಕಬಾರದು. ಹಾಕಿದರೆ ಐಮೀರಿಯಕ್ಕೇ ಶಕ್ತಿ ಬರುತ್ತದೆ! ಕಾಯಿಲೆ ಬಿದ್ದ ಮರಿ ಮೇವು ಬಿಟ್ಟರೂ ನೀರು ಕುಡಿಯುತ್ತದೆ. ಅದಕ್ಕೇ ಔಷಧವನ್ನು ನೀರಿನಲ್ಲಿ ಬೆರೆಸುತ್ತಾರೆ. ಚೆನ್ನಾಗಿರುವ ಮರಿಗಳಿಗೂ ಅದನ್ನೇ ಕುಡಿಸಬೇಕು. ಬೇರೆ ನೀರು ಸಿಗದಂತೆ ನೋಡಿಕೊಂಡು, ದಿನವೂ ಹೊಸದಾಗಿ ಬೆರೆಸಬೇಕು. ಎಷ್ಟು, ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಬೇಕು. ಮರಿಗಳು ಗೆಲುವಾದವೆಂದು ಮಧ್ಯದಲ್ಲಿ ನಿಲ್ಲಿಸಬೇಡಿ. ರೋಗವಿಲ್ಲದಾಗಲೂ ಸುಮ್ಮನೆ ಕೊಡುತ್ತಾ ಹೋಗಬೇಡಿ. ಹಾಗೆ ಮಾಡಿದರೆ ಔಷಧಕ್ಕೆ ಬಗ್ಗದ ಐಮೀರಿಯಗಳು ಉಳಿದು ಹೆಚ್ಚುತ್ತವೆ.

ಔಷಧ ಕರುಳಿನ ಒಳಗಿರುವ ಶತ್ರುವನ್ನು ತಡೆಯುತ್ತದೆ. ನೆಲದ ಮೇಲಿರುವ ಶತ್ರುವನ್ನು ತಡೆಯುವವರು ಯಾರು? ನೀವೇ! ಬೆಳಗ್ಗೆ ಗೂಡಿನ ಬಾಗಿಲು ತೆರೆಯುವವರು ಎಷ್ಟೋ ಮನೆಗಳಲ್ಲಿ ಮಕ್ಕಳು. ಇಷ್ಟು ಮಾಡಿ:

ನೀರಿನ ಪಾತ್ರೆಯನ್ನು ಮರಿಯ ಬೆನ್ನಿನ ಎತ್ತರಕ್ಕೆ ಇಡಿ. ಮರಿಗಳು ಅದರೊಳಗೆ ಕಾಲಿಡಬಾರದು, ಹಿಕ್ಕೆ ಹಾಕಬಾರದು.

ಮೇವನ್ನು ನೆಲಕ್ಕೆ ಎರಚದೆ ತಟ್ಟೆಯಲ್ಲಿ ಹಾಕಿ.

ಭತ್ತದ ಹೊಟ್ಟಿನ ಹಾಸನ್ನು ದಿನವೂ ಕೆದಕಿ. ಒದ್ದೆಯಾದ ಭಾಗವನ್ನು ತೆಗೆದು ಗೊಬ್ಬರದ ಗುಂಡಿಗೆ ಹಾಕಿ.

ಮರಿಗಳನ್ನು ದೊಡ್ಡ ಕೋಳಿಗಳಿಂದ ಬೇರೆಯಾಗಿಡಿ. ದೊಡ್ಡವು ಆರೋಗ್ಯವಾಗಿ ಕಂಡರೂ ಊಸಿಸ್ಟ್ ಹೊರಹಾಕುತ್ತಿರಬಹುದು.

ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಕೋಳಿಯ ಐಮೀರಿಯ ಮನುಷ್ಯರಿಗೆ ತಗುಲುವುದಿಲ್ಲ. ಆದರೆ ಹಿಕ್ಕೆಯಲ್ಲಿ ನಮಗೆ ಭೇದಿ ತರುವ ಬ್ಯಾಕ್ಟೀರಿಯಗಳಿರಬಹುದು.

ಹಾಸು ಒಣಗಿದೆಯೇ ಎಂದು ತಿಳಿಯುವುದು ಹೇಗೆ? ಒಂದು ಹಿಡಿ ತೆಗೆದು ಬಿಗಿಯಾಗಿ ಹಿಸುಕಿ, ಕೈ ಬಿಚ್ಚಿ. ಉದುರಿ ಹೋದರೆ ಸರಿಯಾಗಿದೆ. ಉಂಡೆಯಾಗಿ ನಿಂತರೆ ತೇವ ಹೆಚ್ಚಿದೆ.

ಒಂದು ಮರಿ ಬೆಳೆದು ಹ್ಯಾಟೆಯಾದರೆ ಮನೆಗೆ ಮೊಟ್ಟೆ, ಹುಂಜವಾದರೆ ಕೈಗೆ ಕಾಸು. ದೃಷ್ಟಿ ತೆಗೆದರೆ ಅದು ಉಳಿಯುವುದಿಲ್ಲ. ಗೂಡನ್ನು ದಿನವೂ ಗಮನವಿಟ್ಟು ನೋಡುವ ನಿಮ್ಮ ಕಣ್ಣುಗಳಿಂದ ಉಳಿದೀತು. ನಾಳೆ ಬೆಳಗ್ಗೆ ಗೂಡು ತೆರೆದಾಗ ಮೊದಲು ಹಿಕ್ಕೆ ನೋಡಿ, ಆಮೇಲೆ ಒಂದು ಹಿಡಿ ಹಾಸು ಹಿಸುಕಿ ನೋಡಿ. ಕಂಡದ್ದನ್ನು ಮನೆಯವರಿಗೆ ಹೇಳಿ.