ಅಂಗಿಯೂ ಅಂತಸ್ತೂ



ಆಳಂದ, ಅಫಜಲಪುರ, ಜೇವರ್ಗಿಗಳ ಕಡೆಯ ಜಾತ್ರೆಯಲ್ಲಿ ಜರಿಯಂಚಿನ ರುಮಾಲು ಸುತ್ತಿದ ಹಿರಿಯರನ್ನು ದೂರದಿಂದಲೇ ಗುರುತಿಸಬಹುದಷ್ಟೆ. ಉಡುಪು ಮನುಷ್ಯನ ಅಂತಸ್ತನ್ನು ಸಾರುವುದು ಲೋಕರೂಢಿ. ಆದರೆ ಹಾಗೆ ಸಾರಿದ ಅಂಗಿಯೇ ತೊಟ್ಟವನಿಗೆ ಮೃತ್ಯುವಾದ ಕಾಲವೊಂದಿತ್ತು. ಈ ತಿಂಗಳು ಆ ಸಂಗತಿಯನ್ನು ಅರುಹುವೆವು.

ಹಿಂದೆ ಜರ್ಮನಿಯ ಪ್ರಶಿಯಾ ಸೀಮೆಯ ಕಾಲಾಳುಗಳು ಕಡುನೀಲಿಯ ಕೋಟು ತೊಡುತ್ತಿದ್ದರು. ದೂರ ಹೊಡೆಯುವ ಬಂದೂಕೂ ಹೊಗೆಯೇಳದ ಮದ್ದೂ ಬಂದ ಬಳಿಕ ಬಣ್ಣದ ಉಡುಪು ವೈರಿಗೆ ಸುಲಭದ ಗುರಿಯಾಗತೊಡಗಿತು. ಆದುದರಿಂದ ೧೯೧೦ರಲ್ಲಿ ಬೂದಿಗೆ ತುಸು ಹಸಿರು ಬೆರೆತಂತಹ ಬಣ್ಣದ ರಣರಂಗದ ಕೋಟನ್ನು ಗೊತ್ತುಪಡಿಸಿದರು. ಸಿಪಾಯಿಗೆ ಸರಕಾರವೇ ಕೋಟು ಕೊಡುತ್ತಿತ್ತು. ಅಧಿಕಾರಿಯಾದರೋ ಸ್ವಂತ ಹಣದಿಂದ ಸಿಂಪಿಗನಲ್ಲಿ ಹೊಲಿಸಿಕೊಳ್ಳಬೇಕಾಗಿತ್ತು. ಆ ಕಾರಣ ಅವನ ಅರಿವೆ ನಯವಾದುದು, ಹೊಲಿಗೆ ಮೈಗೊಪ್ಪುವಂತಹದು. ಹೆಗಲ ಮೇಲೆ ಬೆಳ್ಳಿಯ ಸರಿಗೆಯ ಪಟ್ಟಿ.

೧೯೧೪ರಲ್ಲಿ ಮಹಾಯುದ್ಧ ಮೊದಲಾಯಿತು. ಆ ವರ್ಷ ಮುಗಿಯುವುದರೊಳಗೆ ಫ್ರಾನ್ಸ್, ಬೆಲ್ಜಿಯಂ ದೇಶಗಳಲ್ಲಿ ಎರಡು ಪಕ್ಷದವರೂ ಕಂದಕ ತೋಡಿ ಎದುರುಬದುರಾಗಿ ಕುಳಿತರು. ದುರ್ಬೀನು ಕೂಡಿಸಿದ ಬಂದೂಕು ಹಿಡಿದು ಗುರಿಕಾರರು ಹಗಲೆಲ್ಲ ಹೊಂಚುತ್ತಿದ್ದರು. ಗುಂಡಿಯೋ ಸರಿಗೆಯೋ ಮಿನುಗಿತೆಂದರೆ, ನಾಯಕನು ಇವನೇ ಎಂದು ತಿಳಿದುಬಿಡುತ್ತಿತ್ತು. ನಾಯಕನು ಬಿದ್ದರೆ ದಂಡು ದಿಕ್ಕುಗೆಡುವುದು. ಮಗನಿಗೆ ಅಧಿಕಾರ ಬಂದಿತೆಂದು ಹೆತ್ತವಳು ಹಿಗ್ಗಿ ನೋಡುವ ಸರಿಗೆಯೇ ಗುಂಡಿಗೆ ದಾರಿ ತೋರುವಂತಾಯಿತು!

ಆಗ ಸರಿಗೆಯ ಹೊಳಪನ್ನು ಮಂಕುಮಾಡಿದರು. ೧೯೧೫ರ ಹೊಸ ಮಾದರಿಯ ಕೋಟಿನಲ್ಲಿ ಎದೆಯ ಗುಂಡಿಗಳನ್ನು ಅರಿವೆಯ ಮಡಿಕೆಯೊಳಗೆ ಮರೆಯಿಸಿದರು. ಎಷ್ಟೋ ಅಧಿಕಾರಿಗಳು ಕಂದಕದಲ್ಲಿ ಸಿಪಾಯಿಯ ಒರಟು ಕೋಟನ್ನೇ ತೊಟ್ಟರು. ಎದುರು ಪಕ್ಷದ ಬ್ರಿಟಿಷ್ ಅಧಿಕಾರಿಗಳಲ್ಲಿಯೂ ಅನೇಕರು ತೋಳಿನ ತುದಿಯ ಚಿಹ್ನೆಗಳನ್ನು ಬಿಚ್ಚಿ, ಅಷ್ಟಾಗಿ ಕಾಣದಂತೆ ಹೆಗಲಿಗೆ ಸೇರಿಸಿಕೊಂಡರು.

ಮಣ್ಣಿನ ಬಣ್ಣ ತೊಟ್ಟು ಮರೆಯಾಗುವ ಈ ಉಪಾಯ ನಮ್ಮ ದೇಶಕ್ಕೆ ಹೊಸದಲ್ಲ. ಖಾಕಿಯೆಂದರೆ ಧೂಳಿನ ಬಣ್ಣದ್ದು. ಉರ್ದು ಮಾತು ಕೇಳಿ ಬೆಳೆದ ಆಳಂದದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಗಳೂರಿನ ಬಾಸೆಲ್ ಮಿಶನ್ನಿನ ನೇಯ್ಗೆಯ ಕಾರ್ಖಾನೆಯಲ್ಲಿ ಹಾಲರ್ ಎಂಬವರು ೧೮೫೧ರ ಸುಮಾರಿಗೆ ಈ ಬಣ್ಣವನ್ನು ಅರಿವೆಗೆ ಕಟ್ಟಿದರೆಂಬ ಪ್ರತೀತಿಯುಂಟು. ಈ ಮೂರು ತಾಲೂಕುಗಳು ಅಂದು ಸೇರಿದ್ದ ಹೈದರಾಬಾದ್ ಸಂಸ್ಥಾನದ ಲ್ಯಾನ್ಸರ್ ಕುದುರೆದಂಡೂ ಮೈಸೂರಿನ ಲ್ಯಾನ್ಸರ್ ದಂಡೂ ಆ ಮಹಾಯುದ್ಧದಲ್ಲಿ ಒಂದೇ ದಳವಾಗಿ ಈಜಿಪ್ತ, ಪ್ಯಾಲೆಸ್ತೈನ್‌ಗಳಿಗೆ ಹೋದವು. ಅದೇ ದಳದ ಮೈಸೂರು, ಜೋಧಪುರದ ಸವಾರರು ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ಪಟ್ಟಣವನ್ನು ಗೆದ್ದರು.

ಇದರಿಂದ ನಾವು ತಿಳಿಯತಕ್ಕುದೇನು? ಒರಟು ಕೋಟು ತೊಟ್ಟ ಮಾತ್ರಕ್ಕೆ ಆ ಅಧಿಕಾರಿಯ ಹಿರಿಮೆ ಕುಂದಲಿಲ್ಲ. ಸರಿಗೆ ಮಾಸಿದ ಮೇಲೂ ಸಿಪಾಯಿಗಳು ಯಾರ ಮಾತಿಗೆ ಕಿವಿಗೊಟ್ಟರೋ ಅವನೇ ನಿಜವಾದ ನಾಯಕನು. ಭೀಮಾ ತೀರದ ಎರೆಹೊಲದಲ್ಲಿ ದುಡಿಯುವ ಒಕ್ಕಲಿಗನ ಅಂಗಿಗೂ ಮಣ್ಣಿನ ಬಣ್ಣವೇ ಹತ್ತುವುದು. ಅದು ಜೀವವನ್ನು ಬಚ್ಚಿಡಲು ಬಂದ ಬಣ್ಣವಲ್ಲ, ಜೀವಗಳನ್ನು ಸಾಕುವುದರಿಂದ ಬಂದುದು. ಸಂಜೆ ಆ ಅಂಗಿಯನ್ನು ಒಗೆಯಲು ಕೈಗೆತ್ತಿಕೊಳ್ಳುವಾಗ, ಸೋದರಿಯರೇ, ಇದೊಂದನ್ನು ನೆನೆಯಿರಿ.