ಓಲೆಯೂ ಲಗತ್ತೂ

ನಮ್ಮ ಕಚೇರಿಗಳಲ್ಲಿ ‘ಕಡತ’ವೆಂಬ ಮಾತು ಇಂದಿಗೂ ಬಳಕೆಯಲ್ಲಿದೆ. ಹಿಂದೆ ಅದು, ಹುಣಿಸೆಬೀಜದ ಅಂಟಿಗೆ ಇದ್ದಿಲು ಬೆರಸಿ ಬಟ್ಟೆಗೆ ಬಳಿದು, ಬಳಪದಿಂದ ಬರೆದು ಮಡಿಚಿಡುತ್ತಿದ್ದ ಪುಸ್ತಕದ ಹೆಸರು. ಒಂದೇ ಬಟ್ಟೆಯ ಮಡಿಕೆಗಳಾದುದರಿಂದ ಅದರ ಪುಟಗಳು ಒಂದನ್ನೊಂದು ಅಗಲುತ್ತಿರಲಿಲ್ಲ. ಹೆಸರೇನೋ ಉಳಿಯಿತು, ಆ ಗುಣ ಉಳಿದಿದೆಯೇ ಎಂಬುದು ನನ್ನ ಪ್ರಶ್ನೆ.

ಇಂದು ಕಚೇರಿಯ ಪತ್ರವ್ಯವಹಾರ ಬಹುಮಟ್ಟಿಗೆ ಇಮೇಲಿನದು. ಓಲೆಯೊಡನೆ ಚಿತ್ರ, ನಕ್ಷೆ, ಲೆಕ್ಕಪಟ್ಟಿಗಳನ್ನು ಲಗತ್ತಿಸಿ ಕಳುಹುವ ‘ಮೈಮ್’ ಎಂಬ ಕ್ರಮ 1992ರಲ್ಲಿ ರೂಪುಗೊಂಡಿತು. ಅದರಲ್ಲಿ ಓಲೆಯೂ ಲಗತ್ತೂ ಒಂದೇ ಕಟ್ಟಾಗಿ ಪಯಣಿಸುತ್ತವೆ. ಅವು ಅಗಲುವುದು ಊರು ಸೇರಿದ ಮೇಲೆ. ಒಬ್ಬರು ಲಗತ್ತನ್ನಷ್ಟೇ ಇಳಿಸಿಕೊಳ್ಳುತ್ತಾರೆ. ಇನ್ನೊಬ್ಬರು ಓಲೆಯನ್ನಷ್ಟೇ ಮುದ್ರಿಸಿಡುತ್ತಾರೆ.

ಒಂದು ಶಾಲೆಯ ಕಟ್ಟಡಕ್ಕೆ ಮೂರು ನಕ್ಷೆಗಳು ಬಂದಿವೆಯೆನ್ನಿ. ಮೂರಕ್ಕೂ ‘ಅಂತಿಮ’ವೆಂದೇ ಹೆಸರು. ಎರಡನೆಯದೇ ಒಪ್ಪಿತವೆಂದು ತಿಳಿಸಿದ ಓಲೆ, ನಿವೃತ್ತರಾದ ಅಧಿಕಾರಿಯ ಖಾತೆಯೊಡನೆ ಅಳಿದುಹೋಗಿದೆ. ಗೋಡೆ ಎಬ್ಬಿಸುವವನು ಯಾವುದನ್ನು ನಂಬಬೇಕು? ಅದು ಬಿರುಕುಬಿಟ್ಟ ದಿನ ಉತ್ತರ ಹೇಳುವವರು ಯಾರು?

ನಮ್ಮ ಶಾಸನಕ್ಕೆ ಇದು ಹೊಳೆಯದ ಸಂಗತಿಯಲ್ಲ. ವಿದ್ಯುನ್ಮಾನ ದಾಖಲೆಯನ್ನು ಕಾದಿಡುವಾಗ ಅದು ಎಲ್ಲಿಂದ, ಎಲ್ಲಿಗೆ, ಯಾವ ದಿನ, ಯಾವ ವೇಳೆಯಲ್ಲಿ ಸಾಗಿತೆಂಬ ವಿವರವೂ ಉಳಿಯಬೇಕೆಂದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 7ನೆಯ ಕಲಮು ಹೇಳುತ್ತದೆ. 2005ರ ಮಾಹಿತಿ ಹಕ್ಕು ಕಾಯಿದೆ ಇಮೇಲನ್ನು ಹೆಸರಿಸಿಯೇ ‘ಮಾಹಿತಿ’ಯೊಳಗೆ ಸೇರಿಸಿದೆ. ಸಾರ್ವಜನಿಕ ಕಾರ್ಯದ ಓಲೆ, ಅದನ್ನು ಪಡೆದ ಒಬ್ಬನ ಸ್ವಂತ ಸೊತ್ತಲ್ಲವೆಂಬುದೇ ಇದರ ಇಂಗಿತವೆಂದು ನಾನು ಭಾವಿಸುತ್ತೇನೆ.

ಉಪಾಯ ಕಠಿನವಲ್ಲ. ಇಡೀ ಓಲೆಯನ್ನು ಲಗತ್ತುಸಹಿತ ‘ಇಎಂಎಲ್’ ರೂಪದ ಒಂದೇ ಕಡತವಾಗಿ ಉಳಿಸಬಹುದು. ಹೆಸರಿನಲ್ಲಿ ದಿನಾಂಕವೂ ವಿಷಯವೂ ಇರಲಿ. ಅದನ್ನಿಡುವ ಸ್ಥಳ ವ್ಯಕ್ತಿಯದಾಗದೆ ಕಾರ್ಯದ್ದಾಗಲಿ. ಸಹೋದ್ಯೋಗಿಗೆ ಕಳುಹುವಾಗ ಒಂದು ಎಚ್ಚರ ಬೇಕು: ಓಲೆಗೆ ಮಾರುತ್ತರ ಬರೆದರೆ ಲಗತ್ತು ಸಾಮಾನ್ಯವಾಗಿ ಹಿಂದೆಯೇ ಉಳಿಯುತ್ತದೆ, ಮುಂದಕ್ಕೆ ರವಾನಿಸಿದರೆ ಜೊತೆಗೆ ಹೋಗುತ್ತದೆ.

ಹಂಚುವುದೆಂದರೆ ಡಂಗುರ ಸಾರುವುದಲ್ಲ. ಉದ್ದನೆಯ ಓಲೆಸರಣಿಯ ಅಡಿಯಲ್ಲಿ ಯಾರದೋ ಕಾಯಿಲೆಯ ಮಾತು, ಸಂಬಳದ ಮಾತು ಅಡಗಿರಬಹುದು. ಕೆಲಸಕ್ಕೆ ಬೇಕಾದವರಿಗೆ ಬೇಕಾದಷ್ಟು ದೊರೆತರೆ ಸಾಕು. ಚಹಕ್ಕೆ ಕರೆದ ಓಲೆಯನ್ನೂ ಕರಾರಿನ ಓಲೆಯನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಬೇಕಾಗಿಯೂ ಇಲ್ಲ.

ಕಚೇರಿಯಲ್ಲಿ ಜನ ಬರುತ್ತಾರೆ, ಹೋಗುತ್ತಾರೆ. ನಾಳೆ ಆ ಕುರ್ಚಿಯಲ್ಲಿ ಕೂರುವ ಅಪರಿಚಿತನಿಗೆ, ಏನು ನಿರ್ಣಯವಾಯಿತು, ಏಕೆ ಆಯಿತು ಎಂಬುದನ್ನು ಅಳಿಯದಂತೆ ಒಪ್ಪಿಸಿಹೋಗುವುದೂ ಇಂದಿನವನ ಸಂಬಳದ ಕೆಲಸವೇ.